ಹೊದಿಕೆಗೆ ತಕ್ಕ ಸೂಜಿ

ಹತ್ತು ದಿನ ಕೂತು ನಾನು ಹೆಣೆದ ಉಲ್ಲನ್ ಹೊದಿಕೆಯ ಮೊದಲ ಗೇಣುದ್ದವನ್ನು ನೆಲದ ಮೇಲೆ ಇಟ್ಟರೆ, ಅದು ಮಲಗಲೊಲ್ಲದೆ ರೊಟ್ಟಿ ಬುಟ್ಟಿಯ ಮುಚ್ಚಳದ ಹಾಗೆ ಸೆಟೆದು ನಿಂತಿತು. ಹೊದಿಕೆಯಾಗಬೇಕಾದದ್ದು ಬಿದಿರ ತಟ್ಟಿಯಾಗಿತ್ತು. ನಗಬೇಡಿ, ಇಪ್ಪತ್ತೆರಡು ವರ್ಷಗಳ ಮೇಲೆ ಕ್ರೋಶಾ ಸೂಜಿ ಹಿಡಿದ ಕೈ ಅದು. ಆ ಸೂಜಿಯೋ, ಮದುವೆಗೆ ಮುಂಚೆ ಬಿಳಿ ನೂಲಿನಲ್ಲಿ ಬಾಗಿಲ ತೋರಣ, ಟೇಬಲ್ಲಿನ ಹಾಸು ಹೆಣೆದ ತೆಳ್ಳಗಿನ ಉಕ್ಕಿನ ಕೊಕ್ಕೆ. ದಪ್ಪ ಉಲ್ಲನ್ ಅದರ ತುದಿಗೆ ಸಿಕ್ಕು ಹೆಣಿಗೆಯ ಒಂದೊಂದು ಕಣ್ಣಿಗೂ ಒದ್ದಾಡುತ್ತಿತ್ತು. ಹೆಣಿಗೆಗೂ ಹೆಣಗಾಟಕ್ಕೂ ನಮ್ಮ ಭಾಷೆಯಲ್ಲಿ ಇಂಥ ನೆಂಟಸ್ತಿಕೆ ಇರುವುದು ಸುಮ್ಮನೆ ಅಲ್ಲ ಎಂದುಕೊಂಡೆ.

ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, ಗಾಜಿಪುರದ ನಮ್ಮ ಮನೆಯ ಮಾಳಿಗೆ ರೊಟ್ಟಿ ಹಂಚಿನ ಹಾಗೆ ಕಾಯುವ ಹೊತ್ತಿನಲ್ಲಿ, ಉಲ್ಲನ್ ಹೊದಿಕೆ ಯಾರಿಗೆ ಎಂದು ನೀವು ಕೇಳಬಹುದು. ನಮ್ಮವರಿಗೆ. ಅವರು ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಇಂಜಿನ್ನಿನ ಕಾವು ಅವರ ಕಾಲಿಗೆ ಅಂಟಿಕೊಂಡೇ ಇದೆ ಎಂದು ನಾವು ನಗುತ್ತಿದ್ದೆವು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ತಾಸು ಅವರ ರಕ್ತ ಮೈಯಿಂದ ಹೊರಗೆ ಹೋಗಿ, ಯಂತ್ರ ಸುತ್ತಿ, ತಣ್ಣಗಾಗಿ ಮರಳಿ ಬರುತ್ತದೆ. ಮೇಲೆ ಏಸಿಯ ಗಾಳಿ. ಆಸ್ಪತ್ರೆಯ ರಗ್ಗು ಹೊದೆಸಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎಂದು ಸರಿಸುತ್ತಾರೆ, ಸರಿಸಿದರೆ ಹಲ್ಲು ಕಟಕಟ ಅನ್ನುತ್ತವೆ. ಎಡಗೈಯಂತೂ ಹೊರಗೇ ಇರಬೇಕು, ಅಲ್ಲಿ ಚುಚ್ಚಿದ ಸೂಜಿಗಳು ನರ್ಸಮ್ಮನ ಕಣ್ಣಿಗೆ ಸದಾ ಕಾಣಬೇಕು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುತ್ತ, ಊಟಕ್ಕೇನು ಎಂದು ಕೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದರು.

"ಮುಂದಿನ ವಾರದಿಂದ ನಾ ಹೋಗಂಗಿಲ್ಲ. ಆ ಥಂಡಿ ನನಗ ತಡಕೊಳ್ಳಾಕ ಆಗಂಗಿಲ್ಲ."

ಹೋಗದಿದ್ದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ವಾದ ಮಾಡಲಿಲ್ಲ. ಹಗುರಾದ ಹೊದಿಕೆಯೊಂದನ್ನು ನಾನೇ ಹೆಣೆದು ಕೊಡುತ್ತೇನೆ, ಅದು ಮುಗಿಯುವ ತನಕವಾದರೂ ಹೋಗಿ ಬನ್ನಿ ಎಂದು ಬೇಡಿಕೊಂಡೆ. ಅವರು ಹೂಂ ಎಂದರು. ಹಾಗೆ ಹುಟ್ಟಿದ್ದು ಆ ತಟ್ಟಿ. ಅದನ್ನು ಮೊಳಕಾಲ ಮೇಲೆ ಹಾಕಿಕೊಂಡು, ನನ್ನ ಮುಖ ನೋಡಿ, ಚಲೋ ಆಗ್ಯದ ಅಂದರು. ಆ ಸುಳ್ಳು ನನ್ನನ್ನು ಮನೆಯಲ್ಲಿ ಕೂರಗೊಡಲಿಲ್ಲ.

ಶಹಾಬಜಾರಿನ ದಾರದ ಅಂಗಡಿಗೆ ಹೋದರೆ, ಅಂಗಡಿಯವನು ಗಾಜಿನ ಮೇಲೆ ಕ್ರೋಶಾ ಸೂಜಿಗಳ ಒಂದು ಸಂತೆಯನ್ನೇ ಹರಡಿ, ಯಾವ ನಂಬರು ಬೇಕೆಂದು ಕೇಳಿದ. ನನಗೆ ಗೊತ್ತಿರಲಿಲ್ಲ. ತೆಳುವಿನದೊಂದು, ನಡುವಿನದೊಂದು, ಹೆಬ್ಬೆರಳ ಹತ್ತಿರ ಬರುವ ದಪ್ಪದ್ದೊಂದು ಕಟ್ಟಿಸಿಕೊಂಡು ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ನನಗೆ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸಿದ ರತ್ನಾಬಾಯಾರು ಇದ್ದಾರೆ. ಮೂರು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ ಎಂದು ಕೇಳಿಯೂ ನಾನು ನೋಡಲು ಹೋಗಿರಲಿಲ್ಲ. ಕೈ ಕಳೆದುಕೊಂಡವರ ಮುಂದೆ ಹೆಣಿಗೆಯ ಮಾತೆತ್ತುವುದು ಹೇಗೆ ಎಂಬ ಅಳುಕಿನಲ್ಲೇ, ಕೆಂಪು ಬಾಳೆಗೊನೆಗಳನ್ನು ಇಳಿಸುತ್ತಿದ್ದ ಗಾಡಿಗಳನ್ನು ದಾಟಿ, ಆ ಊರಿನ ಪುಟ್ಟ ಬುದ್ಧವಿಹಾರದ ಹಿಂದಿನ ಓಣಿಗೆ ತಿರುಗಿದೆ.

ಬಾಯಾರು ಹೊಸ್ತಿಲ ಬೆಳಕಿನಲ್ಲಿ ಕೂತು ಹೆಣೆಯುತ್ತಿದ್ದರು.

ಓದುಗರೇ, ನಾನು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಅವರ ತೊಡೆಯ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಮುಷ್ಟಿ ಕಟ್ಟಿದ ಬಲಗೈ, ಆ ಮುಷ್ಟಿಯ ಒಳಗೆ ಹೆಣಿಗೆಯ ಅಂಚು, ಕಿರುಬೆರಳಿಗೆ ಒಂದು ಸುತ್ತು ಹಾಕಿ ಬಂದ ದಾರ. ಎಡಗೈಯ ಸೂಜಿ ನಿಧಾನವಾಗಿ ಒಳಗೆ ಹೋಗಿ, ದಾರವನ್ನು ಕೊಕ್ಕೆಯಲ್ಲಿ ಹಿಡಿದು, ಹೊರಗೆ ಬರುತ್ತಿತ್ತು. ಗಿಳಿಹಸಿರಿನ ಆ ಹೆಣಿಗೆಯಲ್ಲಿ ಒಂದು ಕಣ್ಣೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಕಣ್ಣಲ್ಲಿ ಕೇಳಿದ್ದಕ್ಕೆ ಅವರು, ಈಗ ತುಸು ತಡವರಿಸುವ ಮಾತಿನಲ್ಲಿ, ಉತ್ತರಿಸಿದರು.

"ಈ ಮುಷ್ಟಿ ಬಿಚ್ಚಂಗಿಲ್ಲ ನೀಲಾ. ಬಿಚ್ಚಂಗಿಲ್ಲ ಅಂದಮ್ಯಾಲ, ಹಿಡಿಯೂ ಕೆಲಸಾ ಅದಕ್ಕ ಕೊಟ್ಟೀನಿ."

ಎಡಗೈಗೆ ಅಭ್ಯಾಸ ಮಾಡಿಸಿದ ಮೊದಲ ತಿಂಗಳುಗಳ ತುಂಡುಗಳನ್ನು ಅವರು ಒಂದು ಚೀಲದಲ್ಲಿ ಇಟ್ಟಿದ್ದರು, ತೆಗೆದು ತೋರಿಸಿದರು. ಮೊದಲಿನವು ಹೆಣಿಗೆಯಲ್ಲ, ಗಂಟು. ಆಮೇಲೆ ಒಂದು ಸೊಟ್ಟ ಸರಪಳಿ, ಆಮೇಲೆ ಮೂರು ಮೂಲೆಯ ಚೌಕ. ನಮ್ಮ ಒಂದು ಕಣ್ಣು ತಪ್ಪಿದರೂ ಇಡೀ ಸಾಲು ಬಿಚ್ಚಿಸುತ್ತಿದ್ದವರು ತಮ್ಮ ತಪ್ಪುಗಳನ್ನೆಲ್ಲ ಬಿಚ್ಚದೆ ಕಾಪಾಡಿದ್ದು ಯಾಕೆಂದು ಕೇಳಿದೆ. ಬೇಸರವಾದ ದಿನ ಇವನ್ನು ನೋಡಿದರೆ ಎಷ್ಟು ದೂರ ಬಂದಿದ್ದೇನೆ ಎಂದು ಕಾಣುತ್ತದೆ ಅಂದರು. ನನ್ನ ವಯಸ್ಸಿಗೆ ಯಾರನ್ನಾದರೂ ಹೊಸದಾಗಿ ಗುರುವೆಂದು ಒಪ್ಪಿಕೊಳ್ಳುವುದು ಕಷ್ಟ. ಹಳೆಯ ಗುರುವನ್ನೇ ಎರಡನೇ ಸಲ ಒಪ್ಪಿಕೊಳ್ಳುವ ಭಾಗ್ಯ ಅವತ್ತು ನನ್ನದಾಯಿತು.

ಆಮೇಲೆ ನನ್ನ ತಟ್ಟಿ ಹೊರಗೆ ಬಂತು. ಅವರು ಅದನ್ನು ಬಾಗಿಸಿ ನೋಡಿದರು, ನಗಲಿಲ್ಲ. ಹೊದಿಕೆ ಯಾರಿಗೆ, ಎಲ್ಲಿ ಹೊದೆಯುತ್ತಾರೆ, ಎಷ್ಟು ಹೊತ್ತು ಅಲುಗಾಡದೆ ಮಲಗಬೇಕು ಎಂದೆಲ್ಲ ವಿಚಾರಿಸಿಕೊಂಡರು. ನಾನು ಎಲ್ಲವನ್ನೂ ಹೇಳಿದೆ, ನಮ್ಮವರು ಹೋಗಂಗಿಲ್ಲ ಅಂದದ್ದನ್ನೂ. ಬಾಯಾರು ನಾನು ತಂದ ಸೂಜಿಗಳನ್ನು ಮುಂದಿಟ್ಟು, ಒಂದೇ ದಾರದಲ್ಲಿ ಆ ಮೂರು ಸೂಜಿಯಿಂದ ಅಂಗೈಯಗಲದ ಮೂರು ಚೌಕ ಹೆಣೆಯಲು ಹೇಳಿದರು. ನಾನು ಹೆಣೆದು ಮುಗಿಸುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಒಂದೊಂದನ್ನೂ ಅವರು ತಮ್ಮ ಬಲಮುಷ್ಟಿಯ ಮೇಲೆ ಹರವಿದರು. ತೆಳು ಸೂಜಿಯದು ಮುಷ್ಟಿಗೆ ತಾಗದೆ ಛತ್ರಿಯಂತೆ ನಿಂತಿತು. ದಪ್ಪ ಸೂಜಿಯದರ ಕಣ್ಣುಗಳಿಂದ ಬೆರಳ ಗೆಣ್ಣುಗಳು ಇಣುಕಿದವು. ಇದರಲ್ಲಿ ಗಾಳಿಯೂ ಹೋಗುತ್ತದೆ, ಆಸ್ಪತ್ರೆಯ ಪೈಪೂ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಬದಿಗಿಟ್ಟರು. ನಡುವಿನದು, ಐದೂವರೆ ನಂಬರಿನದು, ಗೆಣ್ಣಿನ ಏರಿಗೆ ಏರಿ, ತಗ್ಗಿಗೆ ಇಳಿದು, ಮುಷ್ಟಿಯ ಆಕಾರವನ್ನೇ ತಾಳಿ ಕೂತಿತು.

"ಸೂಜಿನ ದಾರಾ ನೋಡಿ ಅಷ್ಟ ಆರಸಬಾರದವ್ವ," ಅಂದರು. "ಹೊದ್ಕೊಳ್ಳವ್ರನ್ನ ನೋಡಿ ಆರಸಬೇಕು."

ನಾನು ಅಲ್ಲಿಯತನಕ ಯೋಚಿಸಿದ್ದೆಲ್ಲ ನನ್ನ ಕೈಯ ಬಗ್ಗೆ, ಅದರ ಮರೆವಿನ ಬಗ್ಗೆ, ಅದರ ಮಾನದ ಬಗ್ಗೆ. ಹೊದಿಕೆಯ ಕೆಳಗೆ ಒಂದು ಮೈ ಇರುತ್ತದೆ, ಅದಕ್ಕೆ ತನ್ನದೇ ಏರುತಗ್ಗುಗಳಿರುತ್ತವೆ ಎಂಬುದನ್ನು ಅಲುಗಾಡದ ಒಂದು ಕೈ ನನಗೆ ತೋರಿಸಿಕೊಟ್ಟಿತು. ಎಡಗೈ ಇರುವ ಕಡೆ ಒಂದು ಮೊಳದ ಸೀಳು ಬಿಟ್ಟು ಹೆಣೆ, ಭುಜ ಮುಚ್ಚಿರಲಿ, ಕೈ ಹೊರಗಿರಲಿ ಎಂದು ಬಾಯಾರು ಹೇಳಿಕೊಟ್ಟರು.

ಇಪ್ಪತ್ತಾರು ದಿನ ಹಿಡಿಯಿತು. ಆ ದಿನಗಳಲ್ಲಿ ನಮ್ಮವರು ಒಪ್ಪಿಕೊಂಡ ಹಾಗೆ ನಡುಗುತ್ತಲೇ ಹೋಗಿ ಬಂದರು. ಹೊದಿಕೆ ಮುಗಿದ ಮೇಲಿನ ಗುರುವಾರ ನರ್ಸಮ್ಮ ಅದನ್ನು ಹೊದೆಸಿ, ಸೀಳಿನಿಂದ ಕೈ ತೆಗೆದು, ಇದು ನಮಗೂ ಅನುಕೂಲ ಆಯ್ತ್ರಿ ಎಂದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಎರಡು ಸಲ ಎದ್ದು ಗಾಜಿನಿಂದ ನೋಡಿದೆ. ಅವರು ಮಲಗಿದ್ದರು, ಬಾಯಿ ತುಸು ತೆರೆದು, ನಿಜವಾದ ನಿದ್ದೆ. ಯಂತ್ರ ನಿಲ್ಲಿಸಿ ನರ್ಸಮ್ಮ ಭುಜ ತಟ್ಟಿದಾಗ ನಮ್ಮವರು, ಶುರು ಮಾಡಿದ್ರೇನು ಎಂದು ಕೇಳಿದರಂತೆ.

ಮನೆಗೆ ಮರಳುವಾಗ ನಮ್ಮ ಆಟೋ ಶರಣಬಸವೇಶ್ವರ ದೇವಸ್ಥಾನ ದಾಟಿತು. ಅವರು ತೊಡೆಯ ಮೇಲಿದ್ದ ಹೊದಿಕೆಯನ್ನು ಮಡಿಸುತ್ತ, ನನ್ನ ಕಡೆ ನೋಡದೆ ಕೇಳಿದರು.

"ಶನಿವಾರ ಎಷ್ಟಕ್ಕ ಬರ್ರಿ ಅಂದಾರ?"