ಹೆಸರಿಲ್ಲದ ಸಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ರಿಪೇರಿ ಅಕ್ಕ ಎಂದು. ಬೇರೆಯವರು ಅರ್ಧಂಬರ್ಧ ಮಾಡಿ ಕೈತೊಳೆದುಕೊಂಡ ಕಂಪ್ಯೂಟರ್ ಪ್ರೋಗ್ರಾಮುಗಳೆಲ್ಲ ಕೊನೆಗೆ ಅವಳ ಮೇಜಿಗೇ ಬಂದು ಬೀಳುತ್ತಿದ್ದವು. ಬೈದುಕೊಳ್ಳುತ್ತಲೇ ಸರಿಮಾಡಿ ಕೊಡುತ್ತಿದ್ದಳು.

ಕಾರ್ಖಾನೆ ಕೆಲಸಗಾರರ ಕುಟುಂಬಗಳಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ಯೋಜನೆಯ ವೆಬ್‌ಸೈಟೂ ಹಾಗೆಯೇ ಅವಳ ಕೊರಳಿಗೆ ಬಿದ್ದಿತ್ತು. ಅಲ್ಲಿ ಅರ್ಜಿಯ ಹೊಟ್ಟೆಯೊಳಗೆ ಅರ್ಜಿ. ಮೇಲೆ ಕೆಲಸಗಾರನ ವಿವರ, ಕೆಳಗೆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಅರ್ಜಿ. ‘ಇನ್ನೊಬ್ಬರನ್ನು ಸೇರಿಸಿ’ ಎಂಬ ಗುಂಡಿ ಒತ್ತಿದರೆ ಮತ್ತೊಂದು ಖಾಲಿ ಅರ್ಜಿ ತೆರೆದುಕೊಳ್ಳುತ್ತದೆ. ಗುಂಡಿ ಕಂಡರೆ ಜನ ಸುಮ್ಮನಿರುತ್ತಾರೆಯೇ? ಮನಬಂದಷ್ಟು ಸಲ ಒತ್ತಿ, ಏನೂ ತುಂಬದೆ ಹಾಗೆಯೇ ಕಳಿಸಿಬಿಡುತ್ತಿದ್ದರು. ಹುಟ್ಟದೇ ಇದ್ದವರ ಹೆಸರಿಲ್ಲದ ಚಿಕಿತ್ಸಾ ಕಾರ್ಡುಗಳು ರಾಶಿ ರಾಶಿ ಅಚ್ಚಾಗಿ ಬಂದವು. ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತರು.

ಅವಳು ವೆಬ್‌ಸೈಟು ಕಟ್ಟಲು ಬಳಸುತ್ತಿದ್ದ ಸಿದ್ಧ ಚೌಕಟ್ಟಾದ ಫ್ರೇಮ್‌ವರ್ಕ್‌ನಲ್ಲಿ ಇದಕ್ಕೆ ಮದ್ದು ಮೊದಲೇ ಇತ್ತು. ಒಳಗಿನ ಅರ್ಜಿಯಲ್ಲಿ ಇಂಥ ಜಾಗ ಖಾಲಿಯಿದ್ದರೆ ಆ ಒಳ ಅರ್ಜಿಯನ್ನೇ ಸದ್ದಿಲ್ಲದೆ ಎಸೆದುಬಿಡು ಎಂದು ಒಂದು ಸಾಲು ಬರೆದರೆ ಮುಗಿಯಿತು. ಅವಳು ‘ಹೆಸರು’ ಎಂಬ ಜಾಗವನ್ನು ಆರಿಸಿಕೊಂಡಳು. ಹೆಸರಿಲ್ಲದ ಮನುಷ್ಯರು ಎಲ್ಲಿರುತ್ತಾರೆ? ಪರೀಕ್ಷೆಗೆಂದು ನೂರಾರು ಸುಳ್ಳು ಸಂಸಾರಗಳನ್ನು ಹುಟ್ಟಿಸಿ, ಒಂದೊಂದು ಮಗುವಿಗೂ ನಗುತ್ತ ನಗುತ್ತ ಚೆಂದದ ಹೆಸರಿಟ್ಟು ನೋಡಿದಳು. ಎಲ್ಲವೂ ಸರಿಯಾಗಿತ್ತು. ಮ್ಯಾನೇಜರು ಬೆನ್ನು ತಟ್ಟಿದರು.

ಆ ದಿನಗಳಲ್ಲೇ ತಂಗಿಗೆ ಹೆಣ್ಣುಮಗು ಹುಟ್ಟಿತು, ತಿಂಗಳು ತುಂಬುವ ಮೊದಲೇ.

“ಅಕ್ಕಾ, ಹೆಸರು ನೀನೇ ಹುಡುಕಿ ಹೇಳ್ಬೇಕು. ದೊಡ್ಡಮ್ಮ ಆಗೋದು ಅಂದ್ರೆ ಸುಮ್ನೇನಾ?” ಎಂದಳು ತಂಗಿ.

“ಹೇಳ್ತೀನಿ ಮಾರಾಯ್ತಿ, ಈ ಕೆಲಸ ಒಂದು ಮುಗೀಲಿ.”

ಕೆಲಸ ಮುಗಿಯುವಂಥದ್ದಲ್ಲ. ತಂಗಿ ಮತ್ತೆ ಕೇಳಿದಳು, ಇವಳು ಮತ್ತೆ ಅದನ್ನೇ ಹೇಳಿದಳು.

ಮಗುವಿಗೆ ಉಸಿರಾಟ ಕಷ್ಟವಾಯಿತು. ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು. ತಂಗಿಯ ಗಂಡ ಕಾರ್ಖಾನೆಯಲ್ಲಿ ವೆಲ್ಡರು. ಆಸ್ಪತ್ರೆ ಕೌಂಟರಿನಿಂದ ಫೋನು ಮಾಡಿದ.

“ಅಕ್ಕಾ, ಮಗು ಹುಟ್ಟಿದ ದಿನವೇ ಅರ್ಜಿ ಹಾಕಿದ್ದೆ. ಸ್ವೀಕರಿಸಲಾಗಿದೆ ಅಂತ ಹಸಿರು ಅಕ್ಷರದಲ್ಲಿ ಬಂದಿತ್ತು. ಇಲ್ಲಿ ಪಟ್ಟೀಲಿ ನೋಡಿದ್ರೆ ನಾನು, ಅವಳು, ಇಬ್ಬರೇ ಇದ್ದೀವಿ. ಮಗು ಇಲ್ಲವೇ ಇಲ್ಲ ಅಂತಾರೆ. ಇದು ಯೋಜನೆಯವರಿಗೇ ಇರೋ ಆಸ್ಪತ್ರೆ, ಪಟ್ಟೀಲಿ ಇಲ್ಲದೆ ದುಡ್ಡು ಕಟ್ತೀನಿ ಅಂದ್ರೂ ಒಳಗೆ ಬಿಟ್ಕೊಳ್ಳಲ್ವಂತೆ!”

“ಹೆಸರಿನ ಜಾಗದಲ್ಲಿ ಏನು ಹಾಕಿದ್ರಿ?”

“ಏನು ಹಾಕ್ಲಿ? ನೀವಿನ್ನೂ ಹೇಳಿಲ್ವಲ್ಲ. ಖಾಲಿ ಬಿಟ್ಟೆ. ತೂಕ, ಹುಟ್ಟಿದ ದಿನ ಎಲ್ಲ ತುಂಬಿದ್ದೆ.”

ಹೆಸರು ಖಾಲಿಯೆಂದು ತೂಕ, ದಿನ ಎಲ್ಲವನ್ನೂ ಅವಳ ಆ ಸಾಲು ಎಸೆದಿತ್ತು. ಎಸೆದದ್ದು ಎಲ್ಲೂ ದಾಖಲಾಗುವುದಿಲ್ಲ. ಹೀಗೆ ಇನ್ನೆಷ್ಟು ಮಕ್ಕಳು ಹೋದವೋ, ಅದನ್ನೂ ತಿಳಿಯುವಂತಿಲ್ಲ.

“ಈಗಲೇ ಮತ್ತೆ ತುಂಬಿ. ಹೆಸರಿಗೆ ಏನಾದ್ರೂ ಹಾಕಿ.”

“ಏನಾದ್ರೂ ಅಂದ್ರೆ?”

“ಮಗು ಅಂತಲೇ ಹಾಕಿ, ಬೇಗ!”

ಅವನು ಹಾಕಿದ. ಆದರೆ ಪಟ್ಟಿ ಆಸ್ಪತ್ರೆಗೆ ತಲುಪುವುದು ದಿನಕ್ಕೊಮ್ಮೆ, ಬೆಳಿಗ್ಗೆ. ಅದು ಆಸ್ಪತ್ರೆಯವರ ಏರ್ಪಾಡು, ಅವಳ ಕೈಯಲ್ಲಿರಲಿಲ್ಲ. ಮ್ಯಾನೇಜರಿಂದ ಫೋನು ಮಾಡಿಸಿದಳು. ತಾನೇ ಓಡಿಹೋಗಿ ಕೌಂಟರಿನವನ ಕೈಕಾಲು ಹಿಡಿದಳು. “ಪರದೆ ಮೇಲೆ ಬರಲಿ ಮೇಡಂ, ನಾನೇ ಸೇರಿಸ್ಕೋತೀನಿ,” ಎಂದ ಅವನು. ಅವನೇನು ಕೆಟ್ಟವನಲ್ಲ. ಅವನಿಗೂ ಯಾರೋ ಒಂದು ಸಾಲು ಬರೆದುಕೊಟ್ಟಿದ್ದರು.

ಬೆಳಿಗ್ಗೆ ಪಟ್ಟಿ ಬಂತು. ‘ಮಗು’ ಎಂಬ ಹೆಸರು ಅದರಲ್ಲಿ ಸ್ಪಷ್ಟವಾಗಿತ್ತು. ಮಗು ಅಷ್ಟರಲ್ಲಿ ಹೋಗಿಬಿಟ್ಟಿತ್ತು.

ತಂಗಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನರ್ಸು ಮರಣ ಪ್ರಮಾಣಪತ್ರದ ಅರ್ಜಿ ಹಿಡಿದು ನಿಂತಿದ್ದಳು. ಆ ಸಾಲು ಬರೆದವಳು ನಾನೇ ಕಣೇ ಎಂದು ಹೇಳಿಬಿಡಬೇಕೆಂದು ಅಕ್ಕ ಹತ್ತಿರ ಬಂದಳು. ಬಾಯಿ ತೆರೆಯುವ ಮೊದಲೇ ತಂಗಿ ತಲೆ ಎತ್ತಿದಳು.

“ಇದರಲ್ಲೂ ಮಗು ಅಂತ ಬರೆಸೋದು ಬೇಡ ಅಕ್ಕಾ. ನೀನು ಹೇಳ್ತೀನಿ ಅಂದಿದ್ಯಲ್ಲ, ಆ ಹೆಸರು ಹೇಳು.”

ನರ್ಸು ಪೆನ್ನು ಹಿಡಿದು ಕಾದಳು. ನೂರಾರು ಸುಳ್ಳು ಮಕ್ಕಳಿಗೆ ಹೆಸರಿಟ್ಟವಳಿಗೆ ಒಂದು ಹೆಸರೂ ನೆನಪಿಗೆ ಬರಲಿಲ್ಲ.