ಕರಿಯನ ಹಾಲುಹಲ್ಲು

ಎರಡು ವರ್ಷಗಳ ಹಿಂದೆ ನಾನು ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದುದು ಎಮ್ಮೆ, ಹಸು, ಕುರಿ. ನಾಯಿ ಬಂದರೆ ರೇಬಿಸ್ ಲಸಿಕೆಗೆ ಮಾತ್ರ. ಹಾಗಾಗಿ ಗೋವಿನಕೋವಿಯ ರುದ್ರೇಶ್ ಗ್ರೇಟ್ ಡೇನ್ ಎಂಬ ದೈತ್ಯ ತಳಿಯ ನಾಯಿಮರಿಯನ್ನು ಎತ್ತಿಕೊಂಡು ಬಂದಾಗ ಹೊರಗೆ ಕಾಯುತ್ತಿದ್ದವರೆಲ್ಲ ಎದ್ದು ನೋಡಿದರು.

“ನಾಯಿನೋ ಎಮ್ಮೆಕರನೋ ರುದ್ರೇಶಣ್ಣ? ಬರೋ ವರ್ಷ ಹಾಲು ಹಿಂಡಾಕೆ ನಮ್ಮನ್ನೂ ಕರಿ,” ಎಂದರೊಬ್ಬರು.

ರುದ್ರೇಶ್ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ಮರಿಯ ಹೆಸರು ಸೀಸರ್ ಎಂದರು. “ನನ್ನ ನಾಲಿಗೆ ಹಂಗೆಲ್ಲ ತಿರುಗಲ್ಲ. ಇವನು ಕರಿಯ,” ಎಂದರು ಜೊತೆಗೆ ಬಂದಿದ್ದ ಅವರ ತಾಯಿ ಬಸಮ್ಮ. ಮರಿ ತಿರುಗಿ ನೋಡಿದ್ದು ಆ ಹೆಸರಿಗೇ.

ವಯಸ್ಸು ಮೂರು ತಿಂಗಳು, ತೂಕ ಹದಿನಾಲ್ಕು ಕಿಲೋ. ಕೆಲವು ದಿನಗಳಿಂದ ಭೇದಿ. ಏನು ತಿನ್ನಿಸುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಒಂದು ಚೊಂಬು ಎಮ್ಮೆ ಹಾಲು, ಸಂಜೆ ಇನ್ನೊಂದು, ನಡುವೆ ಮುದ್ದೆ.

“ಮೈ ನೋಡ್ರಿ ಎಷ್ಟೈತೆ! ಅದಕ್ಕೆ ತಕ್ಕಂಗೆ ಹಾಕಬೇಕಲ್ಲ?” ಎಂದರು ಬಸಮ್ಮ.

ದೊಡ್ಡ ತಳಿಯ ಮರಿಗಳ ತೊಂದರೆ ಅಲ್ಲೇ ಇರುವುದು. ಮೈ, ಮೂಳೆ ಬೇಗ ಬೆಳೆಯುತ್ತವೆ. ಹೊಟ್ಟೆಯೊಳಗಿನ ಕರುಳು ಮಾತ್ರ ಎಳೆಯದಾಗಿಯೇ ಇರುತ್ತದೆ. ಹಾಲು ನಿಲ್ಲಿಸಲು ಹೇಳಿದೆ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಸಿಹಿಗುಂಬಳ ಬೆರೆಸಿ ದಿನಕ್ಕೆ ನಾಲ್ಕು ಬಾರಿ ಸ್ವಲ್ಪಸ್ವಲ್ಪವೇ ಕೊಡಬೇಕು. ಭೇದಿ ನಿಂತ ಮೇಲೆ ಅದಕ್ಕೆ ದೊಡ್ಡ ತಳಿಯ ಮರಿಗಳ ಆಹಾರವನ್ನು ಒಂದು ವಾರದಲ್ಲಿ ನಿಧಾನವಾಗಿ ಸೇರಿಸಬೇಕು. ಬಸಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದರು. ಮುಂದಿನ ವಾರ ಲಸಿಕೆಗೆ ಬಂದಾಗ “ಈಗ ಗಟ್ಟಿಗೆ ಹೋಗ್ತಾನ್ರಿ,” ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಹೇಳಿದರು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ, ರುದ್ರೇಶರ ಅಂಗಡಿಯ ಬೆಂಚಿನ ಕೆಳಗಿನಿಂದ ಅಗಲವಾದ ಎರಡು ಪಾದಗಳು ಹೊರಚಾಚಿರುವುದು ಕಾಣುತ್ತಿತ್ತು.

ಹತ್ತು ದಿನವಾಗಿರಬೇಕು, ಒಂದು ಬೆಳಿಗ್ಗೆ ತಾಯಿ, ಮಗ ಇಬ್ಬರೂ ಕರಿಯನನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಬಂದರು. ವಸಡು ಬಿಳಿಚಿತ್ತು, ಬಾಯಿಂದ ಜೊಲ್ಲು ನೊರೆನೊರೆಯಾಗಿ ಇಳಿಯುತ್ತಿತ್ತು. ಭೇದಿಯಲ್ಲಿ ರಕ್ತ. ಹೊಟ್ಟೆ ಮುಟ್ಟಿದಾಗ ಬೆರಳಿಗೆ ಗಟ್ಟಿಯಾದ ಉದ್ದನೆಯ ಗಂಟು ಸಿಕ್ಕಿತು. ಅಂಗಿಯ ತೋಳು ತನ್ನೊಳಗೇ ಮಡಚಿಕೊಳ್ಳುವಂತೆ ಕರುಳು ಕರುಳಿನೊಳಗೆ ಸೇರಿಕೊಂಡಿತ್ತು. ಇದಕ್ಕೆ ಇಂಟಸಸೆಪ್ಷನ್ ಎನ್ನುತ್ತೇವೆ. ಶಸ್ತ್ರಚಿಕಿತ್ಸೆಯೊಂದೇ ದಾರಿ, ಅದಕ್ಕೆ ಶಿವಮೊಗ್ಗಕ್ಕೆ ಒಯ್ಯಬೇಕು. ಮೊದಲು ಡ್ರಿಪ್ ಹಾಕಿದೆ.

“ನಿನ್ನೆ ಏನು ತಿಂದಿದ್ದ?”

“ನೀವು ಹೇಳಿದ್ದೇ ರೀ,” ಎಂದರು ರುದ್ರೇಶ್.

ಬಸಮ್ಮ ಮುಂದೆ ಬಂದರು. “ಜಂತು ಬೀಳ್ತಿದ್ವು ಡಾಕ್ಟ್ರಮ್ಮ. ಇಷ್ಟಕ್ಕೆ ನಿಮ್ಮನ್ನ ಯಾಕೆ ಕಾಡೋದು ಅಂತ, ಒಂದು ಅಡಿಕೆ ಅರೆದು ಬೆಲ್ಲದಾಗೆ ಕೊಟ್ಟೆ. ನಮ್ಮ ಮನಿ ನಾಯಿಗಳಿಗೆಲ್ಲ ಕೊಟ್ಟೀನಿ. ಯಾವತ್ತೂ ಏನೂ ಆಗಿಲ್ಲ.”

“ಯಾರನ್ನ ಕೇಳಿ ಕೊಟ್ಟೆವ್ವಾ ನೀನು?” ರುದ್ರೇಶ್ ಕೂಗಿದರು.

“ಮೊದಲು ಗಾಡಿ ತನ್ನಿ,” ಎಂದೆ. ಅವರು ಓಡಿದರು.

ಬಸಮ್ಮ ಮಾಡಿದ್ದು ಮೂಢನಂಬಿಕೆಯಲ್ಲ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಅಂಶವಿದೆ. ಅದು ಕರುಳನ್ನು ಬಲವಾಗಿ ಹಿಂಡಿ ಜಂತನ್ನು ಹೊರಗೆ ತಳ್ಳುತ್ತದೆ. ಹಿಂದೆ ನಾಯಿಗಳ ಲಾಡಿಹುಳಕ್ಕೆ ವೈದ್ಯರೇ ಅದನ್ನು ಕೊಡುತ್ತಿದ್ದರು. ಎಳೆಯ ಮರಿಗಳಿಗೆ ಮಾತ್ರ ಕೂಡದು, ಆ ಹಿಂಡುವಿಕೆಗೆ ಎಳೆ ಕರುಳು ಒಂದರೊಳಗೊಂದು ಸಿಲುಕಬಹುದು. ಬಸಮ್ಮ ಕೊಟ್ಟದ್ದು ಬೆಳೆದ ನಾಟಿ ನಾಯಿಗೆ ಕೊಡುವ ಅಳತೆ. ಬೆಳೆದ ನಾಟಿ ನಾಯಿಯ ತೂಕವೂ ಹೆಚ್ಚುಕಡಿಮೆ ಕರಿಯನಷ್ಟೇ. ಅವರ ಕಣ್ಣಳತೆ ತಪ್ಪಿರಲಿಲ್ಲ.

ಗಾಡಿ ಬರುವ ಮೊದಲೇ ಅವನ ಉಸಿರು ನಿಧಾನವಾಯಿತು. ಎದೆ ಒತ್ತಿದೆ, ಇಂಜೆಕ್ಷನ್ ಕೊಟ್ಟೆ. ಕೊನೆಗೆ ಸ್ಟೆತಸ್ಕೋಪ್ ತೆಗೆದು ಕೆಳಗಿಟ್ಟೆ. ಬಸಮ್ಮನಿಗೆ ಅದು ಅರ್ಥವಾಯಿತು. ಸೆರಗಿನಿಂದ ಅವನ ಬಾಯಿಯ ನೊರೆ ಒರೆಸತೊಡಗಿದರು. ಒರೆಸುವಾಗ ತುಟಿ ಮೇಲೆ ಸರಿಯಿತು. ಅವರ ಕೈ ಅಲ್ಲೇ ನಿಂತಿತು.

ಆ ದೊಡ್ಡ ಬಾಯೊಳಗೆ ಅಕ್ಕಿಕಾಳಿನಂಥ ಪುಟ್ಟ ಹಲ್ಲುಗಳಿದ್ದವು. ಎತ್ತಿನ ಬಾಯಿ ತೆರೆದು ವಯಸ್ಸು ಹೇಳಬಲ್ಲ ಮನೆತನದ ಹೆಣ್ಣುಮಗಳು ಅವರು. ಬಗ್ಗಿ ನೋಡಿದರು.

“ಹಾಲುಹಲ್ಲು,” ಎಂದರು. “ಒಂದೂ ಉದುರಿಲ್ಲ. ಎಳೇ ಕೂಸು ಇದು. ನಾನು ಮೈ ನೋಡಿದ್ನಲ್ಲ ಡಾಕ್ಟ್ರಮ್ಮ, ಬಾಯಿ ನೋಡಲಿಲ್ಲ.” ಆಮೇಲೆ ನನ್ನ ಮುಖ ನೋಡಿದರು. “ಅಡಿಕೆಯಿಂದಾನೇ ಹಿಂಗಾತೇನ್ರಿ?”

ಏನಾದರೂ ಬೇರೆ ಕಾರಣ ಹೇಳಬಹುದಿತ್ತು. ಹಲ್ಲು ನೋಡಿ ತಾವೇ ನಿಜ ಹೇಳಿಕೊಂಡವರಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಅದರಿಂದಲೇ ಇರಬೇಕು, ಅಜ್ಜಿ,” ಎಂದೆ. ಅವರು ತಲೆಯಾಡಿಸಿ, ಬೆರಳಿನಿಂದ ಅವನ ತುಟಿಯನ್ನು ಮೆಲ್ಲಗೆ ಮುಚ್ಚಿದರು.

ರುದ್ರೇಶ್ ಗಾಡಿಯ ಹಿಂದೆ ಕಂಬಳಿ ಹಾಸಿಕೊಂಡೇ ಬಂದಿದ್ದರು. ನಮ್ಮಿಬ್ಬರ ಮುಖ ನೋಡಿದರು. ತಾಯಿಯ ಹೆಗಲ ಮೇಲೆ ಕೈಯಿಟ್ಟರು. ಕರಿಯನನ್ನು ಮೂವರೂ ಸೇರಿ ಎತ್ತಿ ಆ ಕಂಬಳಿಯ ಮೇಲೆಯೇ ಮಲಗಿಸಿದೆವು.

ಈಗ ನಾನು ಚನ್ನಗಿರಿ ಕಡೆ ಕೆಲಸ ಮಾಡುತ್ತಿದ್ದೇನೆ. ದೊಡ್ಡ ತಳಿಯ ಮರಿಗಳು ಆಗಾಗ ಬರುತ್ತವೆ. ತೂಕದಿಂದ ಔಷಧದ ಅಳತೆ ತಿಳಿಯುತ್ತದೆ. ಆ ಜೀವ ಎಷ್ಟು ತಾಳೀತು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಆಹಾರದ ಮಾತು ಎತ್ತುವ ಮೊದಲು ಮರಿಯ ತುಟಿ ಸರಿಸಿ ಮನೆಯವರಿಗೆ ಹಲ್ಲು ತೋರಿಸುತ್ತೇನೆ. ಅಷ್ಟು ದೊಡ್ಡ ಬಾಯಲ್ಲಿ ಅಷ್ಟು ಪುಟ್ಟ ಹಲ್ಲು ಕಂಡು ಎಲ್ಲರೂ ನಗುತ್ತಾರೆ. ಅವರ ನಗು ನಿಲ್ಲುವವರೆಗೆ ನಾನು ಕಾಯುತ್ತೇನೆ. ಅಷ್ಟರಲ್ಲಿ ನನ್ನ ದನಿಯೂ ಸರಿಹೋಗಿರುತ್ತದೆ.