ರಂಜಕದ ಸುತ್ತ ಹತ್ತು

ವಿನೋದಾ ಮೇಡಂ ಕಲಿಸಿದ್ದು ಸರಿಯಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತುಂಬಿದ ತರಗತಿಯ ಎದುರು ಅದನ್ನು ತಪ್ಪೆಂದೆ.

ತೊಂಬತ್ತರ ದಶಕದ ಕೊನೆ. ಕುಂದಾಪುರದ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಹಿರಿಯ ಉಪನ್ಯಾಸಕ. ಅವರು ಬ್ರಹ್ಮಾವರದಿಂದ ಬರುತ್ತಿದ್ದ, ಆ ವರ್ಷವಷ್ಟೇ ಸೇರಿದ ತಾತ್ಕಾಲಿಕ ಉಪನ್ಯಾಸಕಿ. ಪರಮಾಣುಗಳು ಬೆಸೆದುಕೊಳ್ಳುವುದು ಹೊರಕವಚದಲ್ಲಿ ಎಂಟು ಎಲೆಕ್ಟ್ರಾನು ತುಂಬಿಸಿಕೊಳ್ಳಲಿಕ್ಕೆ — ಅಷ್ಟಕ ನಿಯಮ ಅನ್ನುವುದು ಇದನ್ನೇ. ಅವರು ಇದನ್ನು ಕಲಿಸಿ ಅಲ್ಲಿಗೇ ನಿಲ್ಲಿಸಲಿಲ್ಲ. ಎಲ್ಲ ಕಡೆಯೂ ಹೀಗಿಲ್ಲ, ಐದು ಕ್ಲೋರಿನ್ ಹಿಡಿದುಕೊಂಡ ರಂಜಕದ ಸುತ್ತ ಹತ್ತು ಎಲೆಕ್ಟ್ರಾನು ಇರುತ್ತವೆ ಎಂದರು. "ಜಗ್ಲಿ ದೊಡ್ಡದಿದ್ರೆ ಎಂಟ್ ಜನದ ಪಂಕ್ತಿಗೆ ಇನ್ನಿಬ್ರ್ ಕೂಕಂಬುದಿಲ್ಯಾ?" ಎಂದು ನಗಿಸಿದರು. ಆ ನಗು ಗೋಡೆಯಾಚೆ ನನಗೆ ಕೇಳಿಸಿತು. ನನ್ನ ಕ್ಲಾಸಿನಲ್ಲಿ ಯಾರೂ ನಗುತ್ತಿರಲಿಲ್ಲ —

ಮರುದಿನ ಅದೇ ತರಗತಿಗೆ ನನ್ನ ಪಾಠವಿತ್ತು. ನಾವುಂದದ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ಎಂಟಾ, ಹತ್ತಾ?"

"ಎಂಟು. ಹತ್ತು ಅಂದವಳಿಗೆ ಎಣಿಸಲಿಕ್ಕೇ ಬರುವುದಿಲ್ಲ."

ಅಷ್ಟು ಸಾಕಾಯಿತು. ಅವರು ಬೋರ್ಡಿಗೆ ತಿರುಗಿದರೆ ಹಿಂದಿನ ಬೆಂಚಿನಿಂದ "ಎಂಟೋ ಹತ್ತೋ ಮೇಡಂ?" ಎಂಬ ಕೂಗು. ಹೆತ್ತವರು ದೂರು ತಂದರು. ಪ್ರಾಂಶುಪಾಲರು ನನ್ನ ಅಭಿಪ್ರಾಯ ಕೇಳಿದಾಗ, ಪಾಪ, ಇನ್ನೂ ತಯಾರಿಲ್ಲ ಎಂದೆ — ಮರುಕದ ದನಿಯಲ್ಲಿ. ವರ್ಷದ ನಡುವೆಯೇ ಅವರನ್ನು ಕೆಲಸದಿಂದ ಬಿಡಿಸಿದರು.

ಹೊರಡುವ ದಿನ ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ನಿಮ್ಗ್ ಗೊತ್ತಿತ್ತಲ್ದಾ ಸರ್? ಒಂದ್ ಮಾತ್ ಹೇಳುಕೆ ಎಂತ ಆಯ್ತ್?"

"ಗೊತ್ತಿತ್. ಅದ್ಕೇ ಹೇಳ್ಲಿಲ್ಲ."

ಅವರ ಮುಖ ನೋಡಿ ನನಗೆ ಆಗ — ಬರೆಯಲು ನಾಚಿಕೆಯಾಗುತ್ತದೆ — ಖುಷಿಯಾಯಿತು.

ಮುಂದಿನ ವರ್ಷ ರಂಜಕದ ಹತ್ತನ್ನು ನಾನೇ ಕಲಿಸಿದೆ. ಆ ಜಗಲಿಯನ್ನೂ ಬಿಡಲಿಲ್ಲ. ಹುಡುಗರು ನಕ್ಕರು.

ಅವರಿಗೆ ಮತ್ತೆ ಎಲ್ಲಿಯೂ ಕಲಿಸುವ ಕೆಲಸ ಸಿಗಲಿಲ್ಲವೆಂದು ಕೇಳಿದ್ದೆ. ಹತ್ತು ಹನ್ನೆರಡು ವರ್ಷ ಕಳೆದಿರಬೇಕು, ಹೆಂಡತಿಯ ಜೊತೆ ಕುಂದಾಪುರದ ಬಟ್ಟೆ ಅಂಗಡಿಯೊಂದಕ್ಕೆ ಹೋದೆ. ಸೀರೆ ಬಿಡಿಸಿ ತೋರಿಸುತ್ತಿದ್ದವರು ವಿನೋದಾ. "ಬನ್ನಿ ಸರ್" ಎಂದರು, ಬೇರೆ ಗಿರಾಕಿಗಳಿಗೆ ಅನ್ನುವ ಹಾಗೆಯೇ. ನಾನು ಕಣ್ಣು ತಪ್ಪಿಸಿದೆ. ಇಲ್ಲಿ ರೇಟು ಜಾಸ್ತಿ ಎಂದು ಹೆಂಡತಿಯನ್ನು ಹೊರಗೆ ಕರೆತಂದೆ.

"ಅದ್ ಯಾರ್? ನಿಮ್ ಸ್ಟೂಡೆಂಟಾ?" ಹೆಂಡತಿ ಕೇಳಿದಳು.

"ಹೌದ್. ದಡ್ಡಿ."

ಆಗಲೂ ನಾಲಗೆಗೆ ಬಂದದ್ದು ಅದೇ. ಅಂಗಡಿಯ ಬಾಗಿಲು ಬೆನ್ನ ಹಿಂದೆಯೇ ಇತ್ತು, ತಿರುಗಿ ಹೋಗಬಹುದಿತ್ತು — ಬಸ್ಸು ಬಂತು, ಹತ್ತಿದೆ.